ಈ ಅಜ್ಜಿ ಯಾರ ಅಜ್ಜಿ?

ಕಳೆದ ವರ್ಷ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಅಣ್ಣ ಕೈಯಲ್ಲೊಂದು ಕಾಗದ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅವರು ಕುಂದಾಪುರದ ಕಡೆಯವರು, ಹೋಟೆಲೊಂದರಲ್ಲಿ ಮೆನೇಜರು. ದಹಿಸರಕ್ಕೆ ನಾವು ಬಂದಂದಿನಿಂದ ನಮಗೆ ನೆರೆಯವರು. "ನೀವು ಬಿ.ಎ. ಆದವರು, ದಿನ ಬೆಳಗಾದರೆ ಸರಕಾರದ ಕಾಗದ ಓದುವವರು. ಇದನ್ನೊಂದು ಸ್ವಲ್ಪ ನೋಡಿ ಮಾರಾಯ್ರೆ" ಎಂದು ಕಾಗದವನ್ನು ಮುಂದಿಟ್ಟರು.

ಅದು ಅವರ ಮಗಳ ಕಾಲೇಜಿನ ವಿಷಯಗಳ ಪಟ್ಟಿ. ಹುಡುಗಿ ಇಂಗ್ಲಿಷನ್ನು ಮುಖ್ಯವಾಗಿ ಹಿಡಿದು ಬಿ.ಎ. ಓದುತ್ತಿದ್ದಾಳೆ, ಎರಡನೆಯ ವರ್ಷಕ್ಕೆ ಕಾಲಿಡುವಾಗ ಐಚ್ಛಿಕ ವಿಷಯವೊಂದನ್ನು ಆರಿಸಬೇಕು. ಪಟ್ಟಿಯಲ್ಲಿ ಅವಳು ಗುರುತು ಹಾಕಿದ್ದು 'ಕ್ರಿಯೇಟಿವ್ ರೈಟಿಂಗ್' ಎಂಬುದಕ್ಕೆ. "ಬರೆಯುವುದನ್ನು ಕಲಿಯಲಿಕ್ಕೆ ಕಾಲೇಜಿಗೆ ಫೀಸು ಕೊಡುವುದುಂಟೆ? ನನ್ನ ಮಗಳು ಬಾಲವಾಡಿಯಿಂದಲೇ ಬರೆಯುತ್ತಿದ್ದಾಳಲ್ಲ!" ಎಂದರು ಅಣ್ಣ. ನಾವಿಬ್ಬರೂ ನಕ್ಕೆವು.

ನಕ್ಕ ಮೇಲೆ ದೊಡ್ಡವರಂತೆ ಬುದ್ಧಿ ಹೇಳಿದೆವು. ಕತೆ ಕವಿತೆ ಕಲಿಸಿ ಬರುವ ವಿದ್ಯೆಯಲ್ಲ, ಅದು ಹುಟ್ಟಿನಿಂದ ಬರತಕ್ಕದ್ದು. ಲೆಕ್ಕಪತ್ರಕ್ಕೆ ಸಂಬಂಧಿಸಿದ ವಿಷಯವೊಂದು ಪಟ್ಟಿಯಲ್ಲಿದೆ, ಅದನ್ನು ತೆಗೆದುಕೊಳ್ಳಲಿ. ಕತೆಯನ್ನು ಬೇಕಾದರೆ ರಜೆಯ ದಿನ ಬರೆದುಕೊಂಡಾಳು, ಎಂದೆವು. ಹುಡುಗಿ ಬಾಗಿಲ ಬಳಿ ನಿಂತಿದ್ದದ್ದು ನಮ್ಮ ಗಮನಕ್ಕೆ ಬಂದಿರಲಿಲ್ಲ. "ಅಂಕಲ್, ಸಂಗೀತಕ್ಕೆ ಗುರು ಬೇಕು, ಯಕ್ಷಗಾನದ ಹೆಜ್ಜೆಗೂ ಗುರು ಬೇಕು. ಬರೆಯುವುದಕ್ಕೆ ಮಾತ್ರ ಬೇಡವಾ?" ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಅವಳು ತಾಯಿಯ ಬೆಂಬಲದಿಂದ ತನಗೆ ಬೇಕಾದ ವಿಷಯವನ್ನೇ ತೆಗೆದುಕೊಂಡಳು. ಈ ಸಲದ ಅಂಕಣವೆಂದರೆ ಆ ಉತ್ತರವನ್ನು ಹುಡುಕುತ್ತ ಹೋದ ನಾವು ಕಂಡುಕೊಂಡದ್ದು, ಮತ್ತು ನಮ್ಮ ಬುದ್ಧಿವಾದ ತಪ್ಪಾಗಿತ್ತೆಂಬ ತಪ್ಪೊಪ್ಪಿಗೆ.

ಕತೆ ಬರೆಯುವುದಕ್ಕೆ ತರಗತಿಯೆಂಬುದು ನಾವು ತಿಳಿದಷ್ಟು ಹೊಸ ಹುಚ್ಚಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಬರಹಗಾರರ ಕಮ್ಮಟ 1936ರಲ್ಲಿಯೇ ಆರಂಭವಾಯಿತು. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಆಂಗಸ್ ವಿಲ್ಸನ್ ಮತ್ತು ಮಾಲ್ಕಮ್ ಬ್ರಾಡ್‌ಬರಿ ಎಂಬ ಇಬ್ಬರು ಕಾದಂಬರಿಕಾರರು 1970ರಲ್ಲಿ ಎಂ.ಎ. ಮಟ್ಟದ ತರಗತಿ ತೆರೆದರು. ಮುಂದೆ ಹೆಸರಾದ ಇಯಾನ್ ಮೆಕ್‌ಈವನ್ ಅಲ್ಲಿಯ ಮೊದಲ ವಿದ್ಯಾರ್ಥಿ. ಬ್ರಾಡ್‌ಬರಿ ಎಂಬ ಹೆಸರನ್ನು ವಾಚಕರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಆ ಮಹಾಶಯರಿಗೂ ನಮ್ಮ ಕನ್ನಡಕ್ಕೂ ಒಂದು ನಂಟಿದೆ. ನಮ್ಮ ದೇಶದಲ್ಲಿಯೂ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಈ ವಿಷಯದಲ್ಲಿ ಅಂಚೆಯ ಮೂಲಕ ಕಲಿಯುವ ಡಿಪ್ಲೊಮಾ ಏರ್ಪಡಿಸಿತು. ದಿಲ್ಲಿ ವಿಶ್ವವಿದ್ಯಾಲಯದ ಕಾಲೇಜುಗಳ ಮೂವರು ಅಧ್ಯಾಪಿಕೆಯರು ಸೇರಿ ಪದವಿಯ ಮಕ್ಕಳಿಗೆಂದೇ ಬರೆದ ಕೈಪಿಡಿ 2008ರಲ್ಲಿ ಬಂತು. 2020ರ ಹೊಸ ಶಿಕ್ಷಣ ನೀತಿಯ ಮೇಲೆ ಪದವಿಯ ಮಕ್ಕಳಿಗೆ ವಿಷಯ ಆರಿಸುವ ಸ್ವಾತಂತ್ರ್ಯ ಹೆಚ್ಚಿದೆ. ನಮ್ಮ ಮುಂಬಯಿಯ ಕೆಲವು ಕಾಲೇಜುಗಳಲ್ಲಿ ಇಂಗ್ಲಿಷ್ ಬಿ.ಎ. ಓದುವವರಿಗೆ ಇಂಥ ಪಾಠ ಸಿಗುತ್ತದೆ.

ಪಾಠವೆಂದರೆ ಹೇಗೆ? ಇಲ್ಲಿ ನೋಟ್ಸು ಬಾಯಿಪಾಠ ಮಾಡಿ ಬರೆಯುವ ಕೆಲಸ ಕಡಮೆ. ಹುಡುಗರು ತಾವೇ ಒಂದು ಪುಟ, ಎರಡು ಪುಟ ಬರೆದು ತರುತ್ತಾರೆ. ಅದರ ಪ್ರತಿ ಎಲ್ಲರ ಕೈಗೂ ಹೋಗುತ್ತದೆ. ಉಳಿದವರು ಅದರ ಬಗ್ಗೆ ಮಾತನಾಡುವಾಗ ಬರೆದವನು ತುಟಿ ಬಿಚ್ಚದೆ ಕೂರಬೇಕು. ನಾನು ಹೇಳಬೇಕೆಂದದ್ದು ಹಾಗಲ್ಲ, ಹೀಗೆ, ಎಂದು ವಾದಿಸುವಂತಿಲ್ಲ. ಓದುವವನ ಮನೆಗೆ ಹೋಗಿ ಅರ್ಥ ಹೇಳಿ ಬರುವುದಕ್ಕೆ ಬರಹಗಾರನಿಂದ ಆಗುವುದಿಲ್ಲವಲ್ಲ! ಆಮೇಲೆ ಅದನ್ನು ತಿದ್ದಿ ಬರೆಯಬೇಕು. ಕೊನೆಗೆ ಅಂಕ ಸಿಗುವುದು ಮೊದಲ ಕರಡಿಗಲ್ಲ. ಕರಡು, ತಿದ್ದುಪಡಿ ಎಲ್ಲ ಸೇರಿದ ಕಟ್ಟಿಗೆ.

ಪಠ್ಯಪಟ್ಟಿಯಲ್ಲಿ ಹೆಸರು ಬರುವ ಮೊದಲೇ ಈ ಕೆಲಸ ಮುಂಬಯಿಯಲ್ಲಿ ನಡೆದಿತ್ತು. ಇಂಗ್ಲಿಷ್ ಕವಿ ನಿಸ್ಸಿಂ ಎಜಕೀಲರು 1961ರಿಂದ ಪಾರ್ಲೆಯ ಮಿಠಿಬಾಯಿ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥರಾಗಿದ್ದರು. ಆಮೇಲೆ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ನ್ಯೂ ಮರೀನ್ ಲೈನ್ಸಿನ ಥಿಯಾಸಫಿ ಹಾಲಿನಲ್ಲಿದ್ದ ಪೆನ್ ಸಂಸ್ಥೆಯ ಕಚೇರಿಗೆ ತರುಣ ತರುಣಿಯರು ತಮ್ಮ ಕವಿತೆಗಳನ್ನು ಹಿಡಿದು ಅವರಲ್ಲಿಗೆ ಹೋಗುತ್ತಿದ್ದರು. ಆ ಊರಿನ ಇಂಗ್ಲಿಷ್ ಕವಿಗಳಲ್ಲಿ ಆ ಮೇಜಿನ ಮುಂದೆ ಕುಳಿತು ಬಂದವರು ಹಲವರು. ಅಂಕವಿಲ್ಲ, ಫೀಸಿಲ್ಲ, ಓದುವ ಒಬ್ಬ ಹಿರಿಯನಿದ್ದ, ಅಷ್ಟೆ.

ಇನ್ನು ನಮ್ಮ ಹುಡುಗಿಯ ಕತೆಗೆ ಬರೋಣ. ಜುಲೈ ತಿಂಗಳಲ್ಲಿ ಅವಳ ಪ್ರಾಧ್ಯಾಪಿಕೆ ಕೊಟ್ಟ ಮೊದಲ ಕೆಲಸ: ನಿನಗೆ ಗೊತ್ತಿರುವ ಒಂದು ಅಡಿಗೆಮನೆಯನ್ನು 300 ಶಬ್ದಗಳಲ್ಲಿ ಬರೆ. ಹುಡುಗಿ ಬರೆದಳು. ಬರೆದುದನ್ನು ನಮಗೂ ತೋರಿಸಿದಳು. ಇಂಗ್ಲಿಷ್ ಅಚ್ಚುಕಟ್ಟಾಗಿತ್ತು, ಒಂದೇ ಒಂದು ವ್ಯಾಕರಣ ದೋಷ ನಮ್ಮ ಕಣ್ಣಿಗೆ ಬೀಳಲಿಲ್ಲ. ಅದರಲ್ಲಿ ಬೆಳ್ಳಿ ಕೂದಲಿನ ಅಜ್ಜಿಯೊಬ್ಬಳು ತೂಗುಕುರ್ಚಿಯಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ಒಲೆಯಲ್ಲಿ ಬಿಸ್ಕತ್ತು ಬೇಯುತ್ತಿತ್ತು. ಕಿಟಕಿಯ ಹೊರಗೆ ಹಿಮ ಬೀಳುತ್ತಿತ್ತು. ದಹಿಸರದಲ್ಲಿ ಹಿಮ! ಆ ದಿನ ನಮ್ಮ ಕಟ್ಟಡದ ಕೆಳಗೆ ಮೊಣಕಾಲುದ್ದ ನೀರು ನಿಂತಿತ್ತು. ಆದರೂ "ಬಹಳ ಚೆನ್ನಾಗಿದೆ" ಎಂದು ಬೆನ್ನು ತಟ್ಟಿ ಕಳಿಸಿದೆವು.

ಪ್ರಾಧ್ಯಾಪಿಕೆ ಬೆನ್ನು ತಟ್ಟಲಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಒಂದೇ ಒಂದು ಪ್ರಶ್ನೆ ಬರೆದು ಹಿಂದಿರುಗಿಸಿದರು: "ಈ ಅಜ್ಜಿ ಯಾರ ಅಜ್ಜಿ?"

ಹುಡುಗಿ ಎರಡು ದಿನ ಮುಖ ಊದಿಸಿಕೊಂಡಿದ್ದಳೆಂದು ಅವಳ ತಾಯಿ ಹೇಳಿದರು. ಹಾಗೆಂದು ತಪ್ಪು ಅವಳದಷ್ಟೆ ಅಲ್ಲ. ಅವಳು ಚಿಕ್ಕಂದಿನಿಂದ ಓದಿದ ಪುಸ್ತಕಗಳಲ್ಲಿ ಇದ್ದ ಅಡಿಗೆಮನೆ ಅದೇ. ಅಡಿಗೆಮನೆಯೆಂದರೆ ಪುಸ್ತಕದಲ್ಲಿರುವಂಥದು, ತನ್ನ ಮನೆಯಲ್ಲಿರುವುದು ಬರೆಯತಕ್ಕದ್ದಲ್ಲ, ಎಂದು ಅವಳು ತಿಳಿದಿದ್ದರೆ ಆಶ್ಚರ್ಯವೇನು? ನಾವೂ ಕಾಣದ ಹೂವುಗಳ ಬಗ್ಗೆ ಹತ್ತು ಅಂಕದ ಉತ್ತರ ಬರೆದೇ ಬಿ.ಎ. ಆದವರು.

ನಮ್ಮಲ್ಲಿ ಇದಕ್ಕೂ ದೊಡ್ಡವರಿಗೆ ಇದೇ ಪ್ರಶ್ನೆ ಎದುರಾದದ್ದುಂಟು. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 'ಬಿಗಿನರ್ಸ್ ಮ್ಯೂಸ್' ಎಂಬ ಅವರ ಮೊದಲ ಪುಸ್ತಕ 1922ರಲ್ಲಿ ಬಂದದ್ದೂ ಆ ಭಾಷೆಯಲ್ಲಿಯೇ. ಜೇಮ್ಸ್ ಕಸಿನ್ಸ್ ಎಂಬ ಐರಿಶ್ ಕವಿ ಮೈಸೂರಿಗೆ ಬಂದಾಗ ತರುಣ ಕವಿ ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಅವರು ಓದಿ, ನಿಮ್ಮ ಭಾಷೆಯಲ್ಲಿ ಏಕೆ ಬರೆಯಬಾರದು, ಎಂದು ಸಲಹೆ ಕೊಟ್ಟರು. ಆಗ ಕುವೆಂಪು ಅವರಿಗೆ ಬೇಸರವೇ ಆಯಿತಂತೆ. ಆದರೆ ಆ ಸಲಹೆ ಮುಂದೆ ಕನ್ನಡಕ್ಕೆ ಏನನ್ನು ತಂದುಕೊಟ್ಟಿತೆಂಬುದು, ಕನ್ನಡಕ್ಕೆ ಮೊದಲ ಜ್ಞಾನಪೀಠ 1967ರಲ್ಲಿ ಯಾರಿಂದ ಬಂತೆಂಬುದು ಎಲ್ಲರಿಗೂ ಗೊತ್ತಿದೆ.

ಎರಡನೆಯ ಪ್ರಸಂಗ ಅನಂತಮೂರ್ತಿಯವರದು. ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಅವರು ಅರುವತ್ತರ ದಶಕದಲ್ಲಿ ಡಾಕ್ಟರೇಟ್ ಅಧ್ಯಯನಕ್ಕೆಂದು ಬರ್ಮಿಂಗ್‌ಹ್ಯಾಮಿಗೆ ಹೋದರು. ಅಲ್ಲಿ ಒಂದು ದಿನ ಬರ್ಗ್‌ಮನ್ನನ 'ಸೆವೆಂತ್ ಸೀಲ್' ಎಂಬ ಸ್ವೀಡಿಶ್ ಚಿತ್ರವನ್ನು ತಮ್ಮ ಗುರುಗಳೊಂದಿಗೆ ನೋಡಿದರು. ಮಾತು ಅರ್ಥವಾಗದಿದ್ದರೂ ಚಿತ್ರ ಮನಸ್ಸನ್ನು ಹಿಡಿಯಿತು. ಯುರೋಪಿನವರು ಮಧ್ಯಯುಗವನ್ನು ಪುಸ್ತಕದಿಂದ ಕಟ್ಟಿಕೊಳ್ಳಬೇಕು, ನಮ್ಮಲ್ಲಿಯೋ ಅದು ನಮ್ಮ ಜೊತೆಯಲ್ಲೇ ಬದುಕಿದೆ, ಎಂಬರ್ಥದ ಮಾತನ್ನು ಅನಂತಮೂರ್ತಿಯವರು ಗುರುಗಳಿಗೆ ಹೇಳಿದರು. ಹಾಗಾದರೆ ಅದನ್ನೇ ಬರೆಯಬಾರದೆ, ಎಂದರು ಗುರುಗಳು. ಹೀಗೆ ಹುಟ್ಟಿದ್ದು 1965ರ 'ಸಂಸ್ಕಾರ'. ಇದನ್ನು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಆ ಗುರುಗಳು ಯಾರು ಬಲ್ಲಿರಾ? ಐದು ವರ್ಷದ ಮೇಲೆ ಈಸ್ಟ್ ಆಂಗ್ಲಿಯಾದಲ್ಲಿ ಬರಹದ ತರಗತಿ ತೆರೆದ ಆ ಮಾಲ್ಕಮ್ ಬ್ರಾಡ್‌ಬರಿಯವರೇ!

ಕಸಿನ್ಸ್ ಕುವೆಂಪು ಅವರಿಗೆ ಕನ್ನಡ ಕಲಿಸಲಿಲ್ಲ. ಬ್ರಾಡ್‌ಬರಿಯವರಿಗೆ ಮಲೆನಾಡಿನ ಅಗ್ರಹಾರದ ಗಂಧವಿರಲಿಲ್ಲ. ಅವರು ಮಾಡಿದ್ದು ಇಷ್ಟೆ: ಕೈಯಲ್ಲಿರುವುದನ್ನು ಬಿಟ್ಟು ದೂರ ನೋಡುತ್ತಿದ್ದವರನ್ನು ಹಿಂದಿರುಗಿ ನೋಡುವಂತೆ ಮಾಡಿದರು. ಹೊರಗಿನವರಿಗೆ ಅದು ಸುಲಭ. ಮನೆಯವರಾದ ನಾವು "ಬಹಳ ಚೆನ್ನಾಗಿದೆ" ಎಂದುಬಿಡುತ್ತೇವೆ.

ಮೂರನೆಯ ಮಾಳಿಗೆಯಲ್ಲಿ ನಿಜವಾದ ಅಜ್ಜಿಯೊಬ್ಬರಿದ್ದಾರೆ. ಎಪ್ಪತ್ತೆಂಟು ವರ್ಷ. ತೂಗುಕುರ್ಚಿಯಿಲ್ಲ, ಉಣ್ಣೆಯಿಲ್ಲ, ಅವರ ಬಳಿಯಿರುವುದು ಒಂದು ತುರಿಯುವ ಮಣೆ, ಊರ ಕಡೆಯವರು ಹೆರೆಮಣೆ ಎನ್ನುತ್ತಾರಲ್ಲ, ಅದು. ಮನೆಯಲ್ಲಿ ಮಿಕ್ಸರು ಬಂದು ಎಷ್ಟೋ ವರ್ಷವಾಯಿತು. ಆದರೂ ಕಾಯಿ ಮಾತ್ರ ಅದರ ಮೇಲೆಯೇ. ಮೊಣಕಾಲು ಮಡಚುವುದಿಲ್ಲವಾದ್ದರಿಂದ ಈಗ ಅದನ್ನು ಸ್ಟೂಲಿನ ಮೇಲಿಟ್ಟು, ತಾವು ನಿಂತೇ ತುರಿಯುತ್ತಾರೆ. ಹುಡುಗಿ ಎರಡನೆಯ ಕರಡಿಗಾಗಿ ಅಜ್ಜಿಯ ಪಕ್ಕದಲ್ಲಿ ಕುಳಿತು, "ಇದು ಎಲ್ಲಿಂದ ಬಂತು ಅಜ್ಜಿ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಕೇಳಿರಲಿಲ್ಲ.

ಅಜ್ಜಿ ಹೇಳುತ್ತ ಹೋದರು. 1979ರಲ್ಲಿ ಅವರು ಮೊದಲ ಸಲ ಮುಂಬಯಿಗೆ ಬಂದಾಗ ಕೊಂಕಣ ರೈಲಿಲ್ಲ. ಅದು ಪೂರ್ತಿಯಾದದ್ದು 1998ರಲ್ಲಿ. ಹಗಲು ರಾತ್ರಿ ಬಸ್ಸಿನ ಪ್ರಯಾಣ. ಮಡಿಲಲ್ಲಿ ನಾಲ್ಕು ವರ್ಷದ ಮಗ. ಕಾಲಡಿಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಹೆರೆಮಣೆ. ಅದಕ್ಕೆ ಮೊದಲು ಅಜ್ಜ ಹನ್ನೊಂದು ವರ್ಷ ಇಲ್ಲಿ ಒಬ್ಬರೇ ಇದ್ದರು. ಮನೆಯೆಂಬುದಿರಲಿಲ್ಲ. ಹೋಟೆಲಿನ ಬಾಗಿಲು ಹಾಕಿದ ಮೇಲೆ ಅಲ್ಲೇ ಮಲಗುವುದು, ಮುಂಜಾನೆ ಗಿರಾಕಿ ಬರುವ ಮೊದಲು ಏಳುವುದು. ಆ ಹನ್ನೊಂದು ವರ್ಷವೂ ಅಜ್ಜಿ ಊರಿನಲ್ಲಿ ಮನಿಯಾರ್ಡರಿನ ದಾರಿ ನೋಡುತ್ತ, ಅತ್ತೆಯ ಅಡಿಗೆಮನೆಯಲ್ಲಿ ಅದೇ ಹೆರೆಮಣೆಯ ಮೇಲೆ ಕುಳಿತು ಕಾಯಿ ತುರಿದರು. "ಅದೊಂದನ್ನು ನನಗೆ ಕೊಡಿ ಎಂದು ಕೇಳಿ ತಂದೆ ಮಗಾ. ಬೇರೆ ಎಂತದೂ ಕೇಳಲಿಲ್ಲ" ಎಂದರಂತೆ.

ಬರೆಯುವಾಗ ಹುಡುಗಿಗೆ ತೊಡಕು ಬಂದದ್ದು ಈ ಹೆರೆಮಣೆಯಿಂದಲೇ. ಇಂಗ್ಲಿಷಿನಲ್ಲಿ 'ಕೋಕನಟ್ ಸ್ಕ್ರೇಪರ್' ಎಂದರೆ ಅಂಗಡಿಯ ಸಾಮಾನಿನ ಪಟ್ಟಿಯಂತಾಯಿತು. ಶಬ್ದವನ್ನು ಹಾಗೆಯೇ ಇಡು, ಅದರ ಮೇಲೆ ಅಜ್ಜಿ ಏನು ಮಾಡುತ್ತಾರೆಂದು ಕಾಣಿಸು, ಓದುವವನು ತಿಳಿದುಕೊಂಡಾನು, ಎಂದರು ಪ್ರಾಧ್ಯಾಪಿಕೆ. ಈ ಮಾತು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ನಮ್ಮ ಕಚೇರಿಯ ಭಾಷೆ ಇದಕ್ಕೆ ತೀರ ವಿರುದ್ಧ. ಪರಿಶೀಲಿಸಲಾಗಿದೆ, ಸಲ್ಲಿಸಲಾಗಿದೆ, ಸೂಚಿಸಲಾಗಿದೆ. ಯಾರು ಮಾಡಿದರು ಎಂಬುದು ಕಾಣದಂತೆ ಬರೆಯುವುದೇ ನಮ್ಮ ವಿದ್ಯೆ. ಅವಳ ತರಗತಿಯಲ್ಲಿ, ಯಾರು, ಎಲ್ಲಿ, ಯಾವ ಕೈಯಿಂದ, ಎಂದು ಕೇಳಿ ಕೇಳಿ ಬರೆಸುತ್ತಾರೆ.

ಹುಟ್ಟಿನಿಂದ ಬರುವ ವಿದ್ಯೆಯೆಂಬ ನಮ್ಮ ವಾದ ಏನಾಯಿತು? ಅದಕ್ಕೂ ಆಧಾರವಿಲ್ಲದಿಲ್ಲ. ಈ ನಗರದ ಬದುಕನ್ನು ಕನ್ನಡಕ್ಕೆ ತಂದವರಲ್ಲಿ ಹಿರಿಯರಾದ ಯಶವಂತ ಚಿತ್ತಾಲರು ಓದಿದ್ದು ರಸಾಯನ ಶಾಸ್ತ್ರ. 1979ರ 'ಶಿಕಾರಿ' ಯಾವ ತರಗತಿಯಲ್ಲಿಯೂ ಹುಟ್ಟಲಿಲ್ಲ. ಜಯಂತ ಕಾಯ್ಕಿಣಿಯವರು ಓದಿದ್ದು ಜೀವರಸಾಯನ ಶಾಸ್ತ್ರ. ಅವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ 2018ರ ಡಿ.ಎಸ್.ಸಿ. ಬಹುಮಾನ ಪಡೆದವು. ಹೌದು. ಆದರೆ ಚಿತ್ತಾಲರ ಅಣ್ಣ ಗಂಗಾಧರ ಚಿತ್ತಾಲರು ಕವಿಗಳು. ಕಾಯ್ಕಿಣಿಯವರ ತಂದೆ ಗೌರೀಶ ಕಾಯ್ಕಿಣಿಯವರು ಗೋಕರ್ಣದ ವಿದ್ವಾಂಸರು, ಲೇಖಕರು. ಅಂಥ ಮನೆಯಲ್ಲಿ ಹುಟ್ಟಿದವರಿಗೆ ಬರೆದುದನ್ನು ತೋರಿಸಲು ಮನೆಯಲ್ಲೇ ಒಬ್ಬರಿದ್ದರು. ಹೋಟೆಲಿನ ಮೆನೇಜರ ಮಗಳಿಗೆ ಯಾರಿದ್ದಾರೆ? ನಾವಿದ್ದೆವು, ದಹಿಸರದಲ್ಲಿ ಹಿಮ ಬಿದ್ದರೂ ಚೆನ್ನಾಗಿದೆ ಎಂದವರು! ಪ್ರತಿಭೆಯನ್ನು ತರಗತಿ ಕೊಡಲಾರದು. ಆದರೆ ಓದಿ ನಿಜ ಹೇಳುವ ಒಬ್ಬ ಮೊದಲ ಓದುಗನನ್ನು, ಮನೆಯಲ್ಲಿ ಅಂಥವರಿಲ್ಲದ ಮಕ್ಕಳಿಗೆ, ಅದು ಕೊಡುತ್ತದೆ. ಜೂನ್ ತಿಂಗಳಲ್ಲಿ ಹುಡುಗಿಗೆ ನಾವು ಕೊಡಲಾರದೆ ಹೋದ ಉತ್ತರ ಇದು.

ಅಣ್ಣನ ಚಿಂತೆ ಅನ್ನದ್ದು. ಅದನ್ನು ಹಗುರವಾಗಿ ಕಾಣಬಾರದು. ಈ ಒಂದು ವಿಷಯ ಓದಿದ ಮಾತ್ರಕ್ಕೆ ನೌಕರಿ ಬಾಗಿಲಿಗೆ ಬರುವುದಿಲ್ಲ. ಕಾಲೇಜಿನಲ್ಲಿ ಕಲಿಸಬೇಕೆಂದರೆ ಎಂ.ಎ. ಆಗಬೇಕು, ನೆಟ್ ಇಲ್ಲವೆ ಸೆಟ್ ಪರೀಕ್ಷೆ ಗೆಲ್ಲಬೇಕು. ಜಾಹೀರಾತು, ಪ್ರಕಾಶನ, ಚಲನಚಿತ್ರಗಳಿಗೆ ಬೇರೆ ಭಾಷೆಯಲ್ಲಿ ಮಾತು ಬರೆಯುವುದು, ಇವೆಲ್ಲ ಈ ಊರಿನಲ್ಲಿವೆ, ಪೈಪೋಟಿಯೂ ಇದೆ. ಆದರೆ ನಮ್ಮ ಮಕ್ಕಳಿಗೆ ಒಂದು ಬಂಡವಾಳ ಹೆಚ್ಚಿಗೆ ಇದೆ. 2025ರಲ್ಲಿ ಬಾನು ಮುಷ್ತಾಕರ ಹನ್ನೆರಡು ಕನ್ನಡ ಕತೆಗಳು 'ಹಾರ್ಟ್ ಲ್ಯಾಂಪ್' ಎಂಬ ಹೆಸರಿನಲ್ಲಿ ಅಂತರರಾಷ್ಟ್ರೀಯ ಬುಕರ್ ಬಹುಮಾನ ಪಡೆದವು. ಬಹುಮಾನದ 50,000 ಪೌಂಡು ಲೇಖಕಿಗೆ ಅರ್ಧ, ಅನುವಾದಿಸಿದ ದೀಪಾ ಭಾಸ್ತಿಯವರಿಗೆ ಅರ್ಧ. ಆ ಪುಸ್ತಕದಲ್ಲಿಯೂ ಮನೆಮಾತಿನ ಎಷ್ಟೋ ಶಬ್ದಗಳನ್ನು, ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ, ಹಾಗೆಯೇ ಇಟ್ಟಿದ್ದಾರೆ. ಎಲ್ಲರಿಗೂ ಬುಕರ್ ಸಿಗದು, ನಿಜ. ಆದರೆ ಒಳ್ಳೆಯ ಇಂಗ್ಲಿಷ್ ಬರೆಯಬಲ್ಲ, ಕನ್ನಡವನ್ನು ಒಳಗಿನಿಂದ ಬಲ್ಲ ಕೈಗಳು ಹೆಚ್ಚಿಲ್ಲ, ಅವುಗಳಿಗೆ ಕೆಲಸವಿದೆ.

ಅಡ್ಡಿ ಒಂದೇ: ನಮ್ಮ ಹುಡುಗಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಇಂಗ್ಲಿಷ್ ಶಾಲೆಗೆ ಕಳಿಸಿ, ಅಕ್ಷರವನ್ನು ನಾಳೆ ಕಲಿಸೋಣವೆಂದು ಮುಂದೆ ಹಾಕುತ್ತ ಬಂದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ಕಾಲೇಜು ಇದನ್ನು ಮಾಡಿಕೊಡದು, ಮನೆಯೇ ಮಾಡಬೇಕು. ನಮ್ಮ ಹಿರಿಯರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಇದೇ ಊರಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು. ಅವರಿಗೆ ಹೋಲಿಸಿದರೆ ನಮ್ಮ ಮಕ್ಕಳಿಗೆ ಸಮಯವಿದೆ. ಈಗ ಸಂಜೆ ಹೊತ್ತು ಅಜ್ಜಿ ಮೊಮ್ಮಗಳಿಗೆ ತಮ್ಮ ಹಳೆಯ ಯಕ್ಷಗಾನ ಪ್ರಸಂಗದ ಪುಸ್ತಕದಿಂದ ಅಕ್ಷರ ಕಲಿಸುತ್ತಿದ್ದಾರೆ. ಒತ್ತಕ್ಷರದವರೆಗೆ ಬಂದಿದ್ದಾರೆ.

ಚೌತಿಯ ದಿನ ಅಣ್ಣ ನಮ್ಮನ್ನು ಊಟಕ್ಕೆ ಕರೆದಿದ್ದರು. ಊಟದ ಮೇಲೆ ಹುಡುಗಿ ಆ ಎರಡನೆಯ ಕರಡನ್ನು ತಂದು, ಇಂಗ್ಲಿಷಿನಲ್ಲಿ ಬರೆದುದನ್ನು ತಮ್ಮ ಮನೆಯ ಕನ್ನಡದಲ್ಲಿ ಓದಿ ಹೇಳಿದಳು. ಅಜ್ಜ ಹೋಟೆಲಿನಲ್ಲಿ ಮಲಗುತ್ತಿದ್ದ ಭಾಗ ಬಂದಾಗ ಅಣ್ಣ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಸ್ವಲ್ಪ ಹೊತ್ತಾದ ಮೇಲೆ, "ಬೊಂಬಾಯಿಯಲ್ಲಿ ಅಪ್ಪಯ್ಯನಿಗೆ ಮನೆಯಿತ್ತು, ನಮ್ಮನ್ನು ಕರೆಸಲಿಕ್ಕೆ ತಡಮಾಡಿದರು ಎಂದೇ ನಾನು ತಿಳಿದಿದ್ದೆ ಮಾರಾಯ್ರೆ. ಅದಕ್ಕೆ ಅವರ ಮೇಲೆ ಸಿಟ್ಟೂ ಇತ್ತು" ಎಂದರು. ಅಜ್ಜ ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ. ಯಾರೂ ಏನೂ ಮಾತನಾಡಲಿಲ್ಲ.

ಹುಡುಗಿ ಮುಂದೆ ಓದಿದಳು: ಗಿರಾಕಿಗಳೆಲ್ಲ ಹೋದ ಮೇಲೆ ಅಜ್ಜ ಮೇಜಿನ ಮೇಲೆ ಹಾಸಿಕೊಂಡು ಮಲಗುತ್ತಿದ್ದರು, ಎಂದು. ಅಷ್ಟರಲ್ಲಿ ಅಜ್ಜಿ ಕೈಯೆತ್ತಿ ತಡೆದರು.

"ಮೇಜಿನ ಮೇಲಲ್ಲ ಮಗಾ, ಮೇಜಿನ ಅಡಿಯಲ್ಲಿ. ಮೇಲೆ ಮಲಗುವವರು ಹಳಬರು. ಇವರಿಗೆ ಮೇಲೆ ಜಾಗ ಸಿಕ್ಕಿದ್ದು ನಾಲ್ಕು ವರ್ಷ ಆದ ಮೇಲೆ."

ಹುಡುಗಿ ವಾದಿಸಲಿಲ್ಲ. ಪೆನ್ಸಿಲು ತೆಗೆದು ಆ ವಾಕ್ಯವನ್ನು ಹೊಡೆದು ಹಾಕಿ, ಅಂಚಿನಲ್ಲಿ ಏನೋ ಬರೆದುಕೊಂಡಳು. ಮೂರನೆಯ ಕರಡನ್ನು ನಾವಿನ್ನೂ ಓದಿಲ್ಲ. ಈ ಸಲ ತೋರಿಸಿದರೆ "ಬಹಳ ಚೆನ್ನಾಗಿದೆ" ಎನ್ನುವ ಮೊದಲು ಎರಡು ಸಲ ಓದುತ್ತೇವೆ.